ಖಾಲಿ ಗೂಡುಗಳ ಲೆಕ್ಕ ಬರೆದ ಬ್ಯಾಂಕ್ ಮ್ಯಾನೇಜರ್

ಎಂ.ಎಸ್. ಮಾಡೋಕೆ ಅಮೆರಿಕಕ್ಕೆ ಹಾರಬೇಕು ಅಂತ ಜಿಆರ್‌ಇ ಪುಸ್ತಕ ಹಿಡ್ಕೊಂಡು ಓಡಾಡೋ ಸೀನಿಯರ್‌ಗಳು ನಮ್ಮ ಕ್ಯಾಂಪಸ್‌ನಲ್ಲಿ ಎಷ್ಟು ಜನ ಇಲ್ಲ! ಅವರು ಹೋಗಬೇಕಾದ ದೇಶದ ಸರ್ಕಾರಿ ಮುದ್ರೆಯಲ್ಲಿ, ಒಂದು ಡಾಲರ್ ನೋಟಿನ ಹಿಂಬದಿಯಲ್ಲಿ, ರೆಕ್ಕೆ ಬಿಚ್ಚಿ ನಿಂತ ಒಂದು ಹದ್ದು ಇದೆ. ಹೆಸರು ಬಾಲ್ಡ್ ಈಗಲ್. ಹೆಸರು ಕೇಳಿ ತಲೆ ಬೋಳು ಅಂದ್ಕೋಬೇಡಿ. ಹಳೇ ಇಂಗ್ಲಿಷ್‌ನಲ್ಲಿ ಆ ಪದಕ್ಕೆ ಬಿಳಿ ಅನ್ನೋ ಅರ್ಥ ಇತ್ತಂತೆ. ಕಂದು ಮೈ, ಬಿಳಿ ತಲೆ. ನಮ್ಮ ಕೆರೆ ಮೇಲೆ ಸುತ್ತೋ ಗರುಡನನ್ನು ನೆನೆಸಿಕೊಳ್ಳಿ, ಅದನ್ನೇ ತುಂಬಾ ದೊಡ್ಡದು ಮಾಡಿ, ಬಾಲಕ್ಕೂ ಬಿಳಿ ಬಣ್ಣ ಹಚ್ಚಿ. ಹೆಚ್ಚುಕಮ್ಮಿ ಅದೇ.

ಇಷ್ಟು ದೊಡ್ಡ ಗೌರವ ಇರೋ ಹಕ್ಕಿ 1960ರ ದಶಕದ ಹೊತ್ತಿಗೆ, ಅಲಾಸ್ಕಾ ಬಿಟ್ಟರೆ, ಆ ದೇಶದಿಂದ ಮಾಯ ಆಗೋದರಲ್ಲಿತ್ತು. ಏನೋ ಎಡವಟ್ಟಾಗಿದೆ ಅಂತ ಮೊದಲು ಕಂಡುಹಿಡಿದವರಲ್ಲಿ ಒಬ್ಬರು ವಿಜ್ಞಾನಿ ಅಲ್ಲ, ಪ್ರೊಫೆಸರ್ ಅಲ್ಲ. ಅಮೆರಿಕದವರೂ ಅಲ್ಲ. ಕೆನಡಾದ ಒಬ್ಬ ರಿಟೈರ್ಡ್ ಬ್ಯಾಂಕ್ ಮ್ಯಾನೇಜರ್. ಹೆಸರು ಚಾರ್ಲ್ಸ್ ಬ್ರೋಲಿ. ಆ ಕಾಲದಲ್ಲಿ ಅವರನ್ನು ಈಗಲ್ ಮ್ಯಾನ್ ಅಂತಲೇ ಕರೀತಿದ್ರು. ನಾವು ಶಾಲೆಯಲ್ಲಿ ಪರಿಸರ ಅಧ್ಯಯನ ಓದಿದೀವಿ, ಫಸ್ಟ್ ಇಯರ್‌ನಲ್ಲೂ ಒಂದು ಪರಿಸರದ ಪೇಪರ್ ಬರೆದು ಪಾಸಾಗಿದೀವಿ. ಎಲ್ಲೂ ಈ ಹೆಸರು ಬರಲಿಲ್ಲ. ಅದಕ್ಕೇ ಈ ಬರಹ.

ಬ್ರೋಲಿ ಹುಟ್ಟಿದ್ದು 1879ರಲ್ಲಿ, ಕೆನಡಾದ ಒಂಟಾರಿಯೊದಲ್ಲಿ. ಕೆಲಸ ಮಾಡಿದ್ದು ವಿನ್ನಿಪೆಗ್ ಊರಿನ ಬ್ಯಾಂಕಿನಲ್ಲಿ. ಹತ್ತಾರು ವರ್ಷ ಲೆಡ್ಜರ್, ಸಾಲ, ಬಡ್ಡಿ, ಸಂಜೆ ಹೊತ್ತಿಗೆ ಕ್ಯಾಶ್ ತಾಳೆ ನೋಡೋದು. ಇದರಲ್ಲಿ ಕಥೆ ಮಾಡೋಕೆ ಜಾಸ್ತಿ ಏನೂ ಇಲ್ಲ, ಹಾಗಾಗಿ ಬೇಗ ದಾಟಿಬಿಡೋಣ. ರಜೆ ದಿನಗಳಲ್ಲಿ ಹಕ್ಕಿ ನೋಡೋ ಹುಚ್ಚು ಇತ್ತು, ಊರಿನ ನಿಸರ್ಗ ಆಸಕ್ತರ ಜೊತೆ ಓಡಾಟ ಇತ್ತು. ಸುಮಾರು 60ರ ಹತ್ತಿರ ಬಂದಾಗ ನಿವೃತ್ತಿ. ಚಳಿಗಾಲದಲ್ಲಿ ವಿನ್ನಿಪೆಗ್‌ನ ಥಂಡಿ ಅಂದ್ರೆ ಮೈನಸ್ ಮೂವತ್ತರ ಲೆಕ್ಕ. ಹಾಗಾಗಿ ಆ ಕಡೆಯ ನಿವೃತ್ತರು ಮಾಡೋ ಹಾಗೆ ಇವರೂ ಚಳಿಗಾಲಕ್ಕೆ ಅಮೆರಿಕದ ದಕ್ಷಿಣ ತುದಿ ಫ್ಲೋರಿಡಾಕ್ಕೆ, ಟ್ಯಾಂಪಾ ಊರಿಗೆ ಹೋಗೋದು ಅಂತ ತೀರ್ಮಾನ ಮಾಡಿದರು.

1939ರಲ್ಲಿ ಹಾಗೆ ಹೋಗುವಾಗ ಆಡುಬಾನ್ ಸೊಸೈಟಿಯ ರಿಚರ್ಡ್ ಪೋ ಅನ್ನೋರ ಪರಿಚಯ ಆಯ್ತು. ಆಡುಬಾನ್ ಅಂದ್ರೆ ಅಲ್ಲಿನ ದೊಡ್ಡ ಹಕ್ಕಿ ಸಂರಕ್ಷಣಾ ಸಂಸ್ಥೆ. ಫ್ಲೋರಿಡಾಕ್ಕೆ ಹೋಗ್ತಿದೀರಲ್ಲ, ಅಲ್ಲಿ ಹದ್ದಿನ ಮರಿಗಳಿಗೆ ಬಳೆ ಹಾಕಿ ನೋಡಿ ಅಂತ ಪೋ ಸಲಹೆ ಕೊಟ್ಟು, ಕೈಗೆ ಒಂದಿಷ್ಟು ಅಲ್ಯೂಮಿನಿಯಂ ಬಳೆಗಳನ್ನೂ ಕೊಟ್ಟರು. ಮರ ಹತ್ತೋಕೆ ಯಾರಾದ್ರೂ ಗಟ್ಟಿ ಹುಡುಗರನ್ನ ಹಿಡಿದರಾಯ್ತು ಅನ್ನೋದು ಪೋ ಅವರ ಲೆಕ್ಕ. ಬ್ರೋಲಿ ತಾವೇ ಹತ್ತಿದರು.

ಈ ಬಳೆ ಅಂದ್ರೇನು ಅಂತ ಹೇಳಿಬಿಡ್ತೀವಿ. ಪ್ರತಿ ಬಳೆ ಮೇಲೂ ಒಂದು ಸೀರಿಯಲ್ ನಂಬರ್, ಜೊತೆಗೆ ಸಿಕ್ಕರೆ ಯಾರಿಗೆ ತಿಳಿಸಬೇಕು ಅನ್ನೋ ವಿಳಾಸ. ಮರಿಯ ಕಾಲಿಗೆ ಹಾಕಿ, ನಂಬರ್, ತಾರೀಖು, ಗೂಡು ಯಾವುದು ಅಂತ ಬರೆದಿಡೋದು. ನಮಗೆಲ್ಲ ಯುಎಸ್‌ಎನ್ ಕೊಟ್ಟಿಲ್ವಾ, ಹಾಗೆ. ಮುಂದೆ ಆ ಹಕ್ಕಿ ಎಲ್ಲಾದ್ರೂ ಸತ್ತು ಬಿದ್ದರೆ ಅಥವಾ ಸಿಕ್ಕಿಬಿದ್ದರೆ, ಯಾರಾದ್ರೂ ಪುಣ್ಯಾತ್ಮರು ನಂಬರ್ ಬರೆದು ಕಳಿಸಿದರೆ, ಅದು ಎಲ್ಲಿ ಹುಟ್ಟಿತ್ತು, ಎಲ್ಲಿಗೆ ಹೋಯ್ತು, ಎಷ್ಟು ವಯಸ್ಸು ಅಂತೆಲ್ಲ ಗೊತ್ತಾಗುತ್ತೆ. ಬ್ರೋಲಿ ಶುರು ಮಾಡೋಕೆ ಮುಂಚೆ, ಬಳೆ ಹಾಕೋ ಪದ್ಧತಿ ಹುಟ್ಟಿದಾಗಿನಿಂದ ಒಟ್ಟು 166 ಹದ್ದುಗಳಿಗಷ್ಟೇ ಬಳೆ ಬಿದ್ದಿತ್ತು. ಬ್ರೋಲಿ 1939ರಿಂದ 1949ರೊಳಗೆ ಒಬ್ಬರೇ 1,000ಕ್ಕೂ ಹೆಚ್ಚು ಮರಿಗಳಿಗೆ ಹಾಕಿದರು.

ಅಷ್ಟು ಕಡಿಮೆ ಯಾಕಿತ್ತು ಅಂದ್ರೆ, ಹದ್ದಿನ ಗೂಡು ತಲುಪೋದು ಸಣ್ಣ ವಿಷಯ ಅಲ್ಲ ಗುರು. ಸಿವಿಲ್ ಬ್ರಾಂಚಿನವರು ಇಲ್ಲಿ ಸ್ವಲ್ಪ ಗಮನ ಕೊಡಿ. ಒಂದು ಜೋಡಿ ಹದ್ದು ಒಂದೇ ಗೂಡನ್ನು ವರ್ಷ ವರ್ಷ ಬಳಸುತ್ತೆ, ಪ್ರತಿ ವರ್ಷ ಮೇಲೆ ಇನ್ನಷ್ಟು ಕಡ್ಡಿ ಪೇರಿಸುತ್ತೆ. ಮೇಲಂತಸ್ತು ಕಟ್ತಾ ಹೋದ ಹಾಗೆ. 1963ರಲ್ಲಿ ಫ್ಲೋರಿಡಾದ ಸೇಂಟ್ ಪೀಟರ್ಸ್‌ಬರ್ಗ್ ಹತ್ತಿರ, ಅಂದ್ರೆ ಬ್ರೋಲಿ ಓಡಾಡಿದ ಸೀಮೆಯಲ್ಲೇ, ಅಳೆದ ಒಂದು ಗೂಡು 2.9 ಮೀಟರ್ ಅಗಲ, 6 ಮೀಟರ್ ಆಳ ಇತ್ತು. ತೂಕ 2 ಟನ್‌ಗೂ ಹೆಚ್ಚು ಅಂತ ಅಂದಾಜು. ಒಂದು ಕಾರಿಗಿಂತ ಭಾರ! ಎಲ್ಲಾ ಗೂಡು ಅಷ್ಟು ದೊಡ್ಡದಿರಲ್ಲ, ಆದ್ರೂ ಸಾಮಾನ್ಯ ಗೂಡಿನಲ್ಲೂ ಒಬ್ಬ ಮನುಷ್ಯ ಆರಾಮಾಗಿ ಕೂರಬಹುದು. ಇದೆಲ್ಲ ಪೈನ್ ಮರದ ತುದಿಯ ಕವಲಿನಲ್ಲಿ, ಆರೇಳು ಮಹಡಿಯ ಎತ್ತರದಲ್ಲಿ. ಆ ಮರಗಳಿಗೆ ಕೆಳಗಡೆ ಕೊಂಬೆಗಳೇ ಇರಲ್ಲ, ಕರೆಂಟ್ ಕಂಬದ ಹಾಗೆ ನೆಟ್ಟಗೆ ನಿಂತಿರ್ತವೆ.

ಬ್ರೋಲಿ ಮಾಡಿದ ಉಪಾಯ ತುಂಬಾ ಸಿಂಪಲ್. ತೆಳು ದಾರದ ತುದಿಗೆ ಸೀಸದ ಗುಂಡು ಕಟ್ಟಿ ಮೇಲೆ ಎಸೀಬೇಕು. ಗಟ್ಟಿ ಕೊಂಬೆ ದಾಟಿ ಗುಂಡು ಆ ಕಡೆ ಇಳಿದು ಬಂದ್ರೆ, ದಾರಕ್ಕೆ ದಪ್ಪ ಹಗ್ಗ ಕಟ್ಟಿ ಎಳೀಬೇಕು. ಹಗ್ಗಕ್ಕೆ ಹಗ್ಗದ ಏಣಿ ಕಟ್ಟಿ ಮತ್ತೆ ಎಳೀಬೇಕು. ಆಮೇಲೆ ಏಣಿ ಹತ್ತಬೇಕು. ನಾವು ಹೇಳಿದಷ್ಟು ಸುಲಭ ಅಲ್ಲ. ಹಗ್ಗದ ಏಣಿ ಗೋಡೆಗೆ ಒರಗಿಸಿದ ಏಣಿ ಥರ ನಿಲ್ಲಲ್ಲ, ಕಾಲಿಟ್ಟ ಕೂಡಲೇ ಮುಂದಕ್ಕೆ ಓಡುತ್ತೆ, ಮೈ ಹಿಂದಕ್ಕೆ ವಾಲುತ್ತೆ. ಮೇಲೆ ತಲುಪಿದ ಮೇಲೆ ನಿಜವಾದ ಕಷ್ಟ. ಗೂಡು ಛತ್ರಿ ಥರ ಕಾಂಡದಿಂದ ಹೊರಗೆ ಚಾಚಿರುತ್ತೆ. ಅಂದ್ರೆ ನೀವು ಒಂದು ಸಜ್ಜಾದ ಕೆಳಗೆ ನಿಂತು, ಗಾಳಿಯಲ್ಲಿ ಹೊರಕ್ಕೆ ಜೋತುಬಿದ್ದು, ಅಂಚು ಹಿಡಿದು ಸಜ್ಜಾದ ಮೇಲೆ ಹತ್ತಬೇಕು. 60 ದಾಟಿದ ಮನುಷ್ಯ ಇದನ್ನ ಒಂದು ಸೀಸನ್‌ನಲ್ಲಿ ಮತ್ತೆ ಮತ್ತೆ ಮಾಡ್ತಿದ್ರು. ಮೂರನೇ ಮಹಡಿಯ ಲ್ಯಾಬ್‌ಗೆ ಲಿಫ್ಟ್ ಕಾಯೋರು ನಾವು, ಏನು ಹೇಳೋಣ.

ಇನ್ನು ಅಪ್ಪ-ಅಮ್ಮ ಹದ್ದುಗಳು ಸುಮ್ನೆ ಬಿಡ್ತಿದ್ವಾ? ಎಲ್ಲರಿಗೂ ಮೊದಲು ಬರೋ ಪ್ರಶ್ನೆ ಇದೇ. ಆಶ್ಚರ್ಯ ಏನಂದ್ರೆ, ಬಾಲ್ಡ್ ಈಗಲ್‌ಗಳು ಮನುಷ್ಯ ಹತ್ತಿದಾಗ ಸಾಮಾನ್ಯವಾಗಿ ಮೇಲೆ ಸುತ್ತುತ್ತಾ ಕೂಗಾಡ್ತವೆ, ಹತ್ತಿರ ಹಾರಿ ಹೆದರಿಸ್ತವೆ. ಉಗುರು ಬೀಸಿ ಹೊಡೆಯೋದು ಅಪರೂಪ. ಹಾಗಂತ ಮರಿ ಮೇಲೆ ಕಾಳಜಿ ಇಲ್ಲ ಅಂತ ಅಲ್ಲ. ಮನುಷ್ಯನ ಮುಂದೆ ಗೆಲ್ಲಲ್ಲ ಅನ್ನೋದು ನೂರಾರು ವರ್ಷ ಗುಂಡೇಟು ತಿಂದ ಹಕ್ಕಿಗೆ ಗೊತ್ತಿರಬೇಕು ಅನ್ನೋದು ನಮ್ಮ ಊಹೆ. ಅಲಾಸ್ಕಾದಲ್ಲಿ 1917ರಿಂದ 1953ರವರೆಗೆ ಸತ್ತ ಹದ್ದಿಗೆ ಸರ್ಕಾರವೇ ಇನಾಮು ಕೊಡ್ತಿತ್ತು, ಒಂದು ಲಕ್ಷಕ್ಕೂ ಹೆಚ್ಚು ಹದ್ದು ಹಾಗೆ ಸತ್ತವು. ಮೀನು ಕದೀತವೆ ಅನ್ನೋದು ಅವುಗಳ ಮೇಲಿದ್ದ ಕೇಸು. ಮನುಷ್ಯನ ಬದಲು ಗೂಗೆಯೋ ರಕೂನೋ ಬಂದ್ರೆ ಅದೇ ಹದ್ದಿನ ವರಸೆ ಬೇರೆ.

ಬೇಟೆ ಹಕ್ಕಿ ಅಂದ್ರೆ ಕ್ರೂರ ಅನ್ನೋ ಚಿತ್ರ ನಮ್ಮ ತಲೆಯಲ್ಲಿದೆ. ಗೂಡಿನಲ್ಲಿ ಅದು ಹೇಗಿರುತ್ತೆ ಅಂತ ತಿಳ್ಕೊಂಡ ಮೇಲೆ ಆ ಚಿತ್ರ ಅಳಿಸಿಹೋಗುತ್ತೆ. ಫ್ಲೋರಿಡಾದಲ್ಲಿ ಹದ್ದಿಗೆ ಚಳಿಗಾಲವೇ ಬಾಣಂತನದ ಕಾಲ. ಎರಡು ಮೊಟ್ಟೆ ಮಾಮೂಲು, ಒಮ್ಮೊಮ್ಮೆ ಒಂದು, ಅಪರೂಪಕ್ಕೆ ಮೂರು. ಸುಮಾರು 35 ದಿನ ಕಾವು. ಅಪ್ಪ-ಅಮ್ಮ ಪಾಳಿ ಹಾಕ್ಕೊಂಡು ಕೂರ್ತವೆ, ಅಮ್ಮನ ಪಾಳಿ ಜಾಸ್ತಿ. ಮೀನಿನ ಬೆನ್ನು ಸೀಳೋ ಉಗುರು ಇದೆಯಲ್ಲ, ಗೂಡೊಳಗೆ ಓಡಾಡುವಾಗ ಅದನ್ನು ಮುಷ್ಟಿ ಥರ ಒಳಕ್ಕೆ ಮಡಚಿಕೊಂಡು ನಡೀತವೆ, ಮೊಟ್ಟೆಗೋ ಮರಿಗೋ ತಾಗಬಾರದು ಅಂತ. ಮರಿ ಹುಟ್ಟಿದಾಗ ಅಂಗೈ ಗಾತ್ರದ ಬೂದು ತುಪ್ಪಳದ ಉಂಡೆ, ಕತ್ತು ನಿಲ್ಲಲ್ಲ. ತಾಯಿ ಮೀನಿನಿಂದ ಉಗುರಿನಷ್ಟು ಚೂರು ಹರಿದು, ತಲೆ ಓರೆ ಮಾಡಿ, ಮರಿಯ ಕೊಕ್ಕಿಗೆ ತಾಗಿಸುತ್ತೆ. ಮರಿಗೆ ಮೈ ಶಾಖ ತಾನೇ ಹಿಡಿದಿಟ್ಟುಕೊಳ್ಳೋಕೆ ಬರಲ್ಲ. ಹಾಗಾಗಿ ರಾತ್ರಿ ಚಳಿಗೆ ತಾಯಿ ಹೊಟ್ಟೆಯೇ ಹೊದಿಕೆ, ಮಧ್ಯಾಹ್ನದ ಬಿಸಿಲಿಗೆ ಅರ್ಧ ಬಿಚ್ಚಿದ ರೆಕ್ಕೆಯೇ ಕೊಡೆ. ಅಪ್ಪನಿಗೆ ಮೀನು ತರೋ ಕೆಲಸ. ಒಮ್ಮೊಮ್ಮೆ ಪಾಪ, ಆಸ್ಪ್ರೇ ಅನ್ನೋ ಇನ್ನೊಂದು ಮೀನು ಹಕ್ಕಿ ಕಷ್ಟಪಟ್ಟು ಹಿಡಿದದ್ದನ್ನ ಆಕಾಶದಲ್ಲೇ ಕಿತ್ಕೊಂಡು ಬರುತ್ತೆ. ಅಸೈನ್‌ಮೆಂಟ್ ಕಾಪಿ ಹೊಡೆಯೋರು ಪಕ್ಷಿಲೋಕದಲ್ಲೂ ಇದಾರೆ.

ಎಲ್ಲಾ ಮುದ್ದುಮುದ್ದಾಗಿ ಇರುತ್ತೆ ಅಂತ ಹೇಳಿದ್ರೆ ಸುಳ್ಳು. ಮೊದಲು ಹುಟ್ಟಿದ ಮರಿ ಎರಡನೆಯದನ್ನ ಕುಕ್ಕುತ್ತೆ, ಊಟ ಕಿತ್ಕೊಳ್ಳುತ್ತೆ. ಮೀನು ಕಮ್ಮಿ ಇದ್ದ ವರ್ಷ ಚಿಕ್ಕದು ಸಾಯೋದೂ ಉಂಟು, ಅಪ್ಪ-ಅಮ್ಮ ಮಧ್ಯೆ ಬರಲ್ಲ. ಬದುಕಿದ ಮರಿ 10-12 ವಾರಕ್ಕೆ ರೆಕ್ಕೆ ಬಲಿತು, ಗೂಡಿನ ಅಂಚಿನಲ್ಲಿ ಕುಣಿದು ಕುಣಿದು ಹಾರುತ್ತೆ. ಹಾರಿದ ಮೇಲೂ ಕೆಲವು ವಾರ ಅಪ್ಪ-ಅಮ್ಮನ ಮೆಸ್ಸಿನಲ್ಲೇ ಊಟ. ಬಿಳಿ ತಲೆ ಬರೋಕೆ ಇನ್ನೂ ನಾಲ್ಕೈದು ವರ್ಷ ಬೇಕು. ಅಲ್ಲಿವರೆಗೆ ಹೆಚ್ಚುಕಮ್ಮಿ ಕಂದು ಬಣ್ಣ. ಮುಂದೆ ಕಥೆಯಲ್ಲಿ ಇದು ಬೇಕಾಗುತ್ತೆ, ನೆನಪಿಡಿ.

ಬಳೆ ಹಾಕೋಕೂ ಒಂದು ಸಮಯ ಇದೆ. ತೀರಾ ಚಿಕ್ಕ ಮರಿಯಾದ್ರೆ ಬಳೆ ಜಾರುತ್ತೆ. ತೀರಾ ದೊಡ್ಡದಾದ್ರೆ ಮನುಷ್ಯನನ್ನ ನೋಡಿ ಗಾಬರಿಯಾಗಿ, ಹಾರೋಕೆ ಬರದಿದ್ರೂ ಗೂಡಿನಿಂದ ಹಾರಿಬಿಡುತ್ತೆ. ಅದೃಷ್ಟಕ್ಕೆ ಹದ್ದಿನ ಮರಿಯ ಕಾಲು ಮೈಯಿಗಿಂತ ಮುಂಚೆ ಬಲಿಯುತ್ತೆ, ಕೆಲವೇ ವಾರಕ್ಕೆ ದೊಡ್ಡ ಹದ್ದಿನ ಕಾಲಿನಷ್ಟು ದಪ್ಪ. ಹಾಗಾಗಿ ಮಧ್ಯದಲ್ಲಿ ಕೆಲವು ವಾರದ ಒಂದು ಅವಕಾಶ ಸಿಗುತ್ತೆ. ನೂರಕ್ಕೂ ಹೆಚ್ಚು ಗೂಡು, ಪ್ರತಿಯೊಂದರಲ್ಲೂ ಮರಿ ಯಾವಾಗ ಹುಟ್ಟಿತು ಅನ್ನೋ ಅಂದಾಜು, ಯಾವ ವಾರ ಎಲ್ಲಿಗೆ ಹೋಗಬೇಕು ಅನ್ನೋ ಲೆಕ್ಕ. ಇಲ್ಲೇ ಬ್ಯಾಂಕ್ ಮ್ಯಾನೇಜರ್ ಕೆಲಸಕ್ಕೆ ಬಂದ ಅಂತ ನಮಗನಿಸುತ್ತೆ. ಟ್ಯಾಂಪಾದಿಂದ ಫೋರ್ಟ್ ಮೈಯರ್ಸ್‌ವರೆಗಿನ ಪಶ್ಚಿಮ ಕರಾವಳಿಯಲ್ಲಿ ವರ್ಷಕ್ಕೆ ಸುಮಾರು 125 ಗೂಡು ನೋಡಿ, ಸುಮಾರು 150 ಮರಿಗಳಿಗೆ ಬಳೆ ಹಾಕ್ತಿದ್ರು. ಅದೇ ಗೂಡುಗಳು. ಪ್ರತಿ ವರ್ಷ.

ಬಳೆಗಳ ಸುದ್ದಿ ವಾಪಸ್ ಬರೋಕೆ ಶುರುವಾದಾಗ ಎಲ್ಲರಿಗೂ ಶಾಕ್. ಫ್ಲೋರಿಡಾದ ಹದ್ದು ಊರು ಬಿಟ್ಟು ಹೋಗಲ್ಲ ಅಂತ ಅಲ್ಲಿವರೆಗೆ ನಂಬಿದ್ರು. ಬಳೆಗಳು ಸಿಕ್ಕಿದ್ದು ಉತ್ತರದ ರಾಜ್ಯಗಳಲ್ಲಿ, ಕೆನಡಾದಲ್ಲಿ, ಪ್ರಿನ್ಸ್ ಎಡ್ವರ್ಡ್ ದ್ವೀಪದಷ್ಟು ದೂರದಲ್ಲಿ. ಗೂಡು ಬಿಟ್ಟ ಕೆಲವೇ ತಿಂಗಳಿಗೆ, ಯಾರೂ ದಾರಿ ತೋರಿಸದೆ, ಮರಿಗಳು ಕರಾವಳಿ ಗುಂಟ 2,000 ಕಿಲೋಮೀಟರ್‌ಗೂ ಹೆಚ್ಚು ಉತ್ತರಕ್ಕೆ ಹಾರಿ, ಚಳಿಗೆ ಮುಂಚೆ ವಾಪಸ್ ಬರ್ತಿದ್ವು. ಬ್ರೋಲಿ ಚಳಿಗಾಲ ಫ್ಲೋರಿಡಾದಲ್ಲಿ, ಬೇಸಿಗೆ ಕೆನಡಾದಲ್ಲಿ ಕಳೀತಿದ್ದ ಹಾಗೇ! ಅವರು ಬಳೆ ಹಾಕಿದ ಮರಿಗಳದ್ದೂ ಅದೇ ಟೈಮ್‌ಟೇಬಲ್ಲು.

ಇಲ್ಲಿಗೆ ನಿಂತಿದ್ರೂ ಬ್ರೋಲಿ ಹೆಸರು ಉಳೀತಿತ್ತು, ಮರ ಹತ್ತಿದ ಮುದುಕ ಅಂತ. ಪತ್ರಿಕೆಗಳಿಗೆ ಬೇಕಿದ್ದಿದ್ದೂ ಅದೇ. ಆದ್ರೆ ಅವರ ನಿಜವಾದ ಕೆಲಸ ಶುರುವಾಗೋದು ಮರಿಗಳು ಸಿಗದೇ ಹೋದಾಗ.

1947ರಲ್ಲಿ ಲೆಕ್ಕ ಇಳಿಯೋಕೆ ಶುರುವಾಯ್ತು. ಒಂದು ವರ್ಷ ಇಳಿದ್ರೆ ಹವಾಮಾನ ಅನ್ನಬಹುದು. ಮರು ವರ್ಷವೂ ಇಳೀತು, ಅದರ ಮರು ವರ್ಷವೂ. ಕೆಲವು ಗೂಡಲ್ಲಿ ಮೊಟ್ಟೆ ಇತ್ತು, ಒಡೆದು ಮರಿ ಬರಲಿಲ್ಲ. ಕೆಲವು ಗೂಡಲ್ಲಿ ಮೊಟ್ಟೆಯೇ ಇಲ್ಲ. 1952ರಿಂದ 1957ರ ನಡುವೆ ಸುಮಾರು 80 ಶೇಕಡ ಗೂಡುಗಳಲ್ಲಿ ಮರಿ ಆಗಲಿಲ್ಲ. 1957ರ ಲೆಕ್ಕ ನೋಡಿ. ಹದ್ದುಗಳು ಬಂದ ಗೂಡು 43. ಅದರಲ್ಲಿ ಮರಿ ಆದದ್ದು 7 ಗೂಡಲ್ಲಿ, ಒಟ್ಟು 8 ಮರಿ. 23 ಗೂಡುಗಳಲ್ಲಿ ಮೊಟ್ಟೆ ಇಟ್ಟು ಕಾವು ಕೂತರೂ ಮರಿ ಇಲ್ಲ. ಉಳಿದ 13 ಗೂಡುಗಳನ್ನು ಹದ್ದುಗಳು ಬರೀ ಕೂತು ಮೀನು ತಿನ್ನೋಕೆ ಬಳಸಿದ್ವು. 1958ರಲ್ಲಿ 100 ಮೈಲಿಗೂ ಹೆಚ್ಚು ಸುತ್ತಿ, ಬ್ರೋಲಿ ಒಂದೇ ಒಂದು ಮರಿಗೆ ಬಳೆ ಹಾಕಿದರು. ದೊಡ್ಡ ಹದ್ದುಗಳೇ ಕಂಡದ್ದು 10 ಗೂಡಿನಲ್ಲಿ ಮಾತ್ರ. ಆಗ ಅವರಿಗೆ 78 ವರ್ಷ.

ನಮಗೆ ಈ ಭಾಗ ಓದುವಾಗ ಹೊಟ್ಟೆಯಲ್ಲಿ ಏನೋ ಆಗುತ್ತೆ. 35 ದಿನ ಕಳೆದರೂ ಏಳದೆ ಕೂತ ಹದ್ದು. ಗಾಳಿಗೆ, ಬಿಸಿಲಿಗೆ, ಗೂಗೆಗೆ, ಕಾಗೆಗೆ ಅಡ್ಡ ನಿಂತು ಕಾಯ್ತಿರೋದು ಯಾವತ್ತೂ ಒಡೆಯದ ಮೊಟ್ಟೆಯನ್ನ.

ಈ ಖಾಲಿ ಗೂಡುಗಳನ್ನೂ ಬ್ರೋಲಿ ಬರೆದಿಟ್ಟರು. ಇದು ಚಿಕ್ಕ ವಿಷಯದ ಥರ ಕಾಣುತ್ತೆ, ಅಲ್ಲ. ಲ್ಯಾಬ್‌ನಲ್ಲಿ ರೀಡಿಂಗ್ ಸರಿಯಾಗಿ ಬರದಿದ್ರೆ ಪಕ್ಕದ ಬ್ಯಾಚಿನ ಅಬ್ಸರ್ವೇಶನ್ ಬುಕ್ ಕಡೆ ಕಣ್ಣು ಹೋಗೋ ಜನ ನಾವು. ಸೊನ್ನೆ ಬಂದ್ರೆ ಸೊನ್ನೆ ಅಂತ ಬರೆಯೋಕೆ ಕೈ ಬರಲ್ಲ. ಮರಿ ಇಲ್ಲದ ಮರಕ್ಕೆ ಮತ್ತೆ ಯಾಕೆ ಹೋಗಬೇಕು, ಬೇರೆ ಊರಲ್ಲಿ ಮರಿ ಇರೋ ಗೂಡು ಹುಡುಕಿದ್ರೆ ಬಳೆ ಲೆಕ್ಕ ಏರುತ್ತಲ್ಲ ಅಂತ ಅವರು ಯೋಚಿಸಿದ್ದಿದ್ರೆ, ಹದ್ದುಗಳು ಯಾವ ವರ್ಷದಿಂದ ಕೆಟ್ಟವು ಅಂತ ಯಾರಿಗೂ ಗೊತ್ತಾಗ್ತಿರಲಿಲ್ಲ.

ಕಾರಣ ಏನು? ಚಂಡಮಾರುತ ಅಂದರು ಕೆಲವರು. ಪೈನ್ ಮರ ಕಡಿದು ಲೇಔಟ್ ಮಾಡ್ತಿದಾರೆ ಅಂದರು. ಅದು ಸುಳ್ಳೇನಲ್ಲ, ಯುದ್ಧ ಮುಗಿದ ಮೇಲೆ ಫ್ಲೋರಿಡಾದ ಕರಾವಳಿ ನಮ್ಮ ಬೆಂಗಳೂರಿನ ಹೊರವಲಯದ ಹಾಗೆ ಸೈಟು-ಮನೆ ಆಗ್ತಾ ಇತ್ತು. ಆದ್ರೆ ಮರ ಇದೆ, ಗೂಡು ಇದೆ, ಜೋಡಿ ಇದೆ, ಮೀನೂ ಇದೆ, ಮರಿ ಮಾತ್ರ ಇಲ್ಲ ಅನ್ನೋದನ್ನ ಇವು ಯಾವುದೂ ವಿವರಿಸಲ್ಲ. ಬ್ರೋಲಿ ಕೈ ತೋರಿಸಿದ್ದು ಡಿಡಿಟಿ ಕಡೆ.

ಡಿಡಿಟಿ ಹೆಸರು ನಮ್ಮ ಅಜ್ಜಿ-ತಾತಂದಿರಿಗೆ ಚೆನ್ನಾಗಿ ಗೊತ್ತು. ಮಲೇರಿಯಾ ಕಾರ್ಯಕ್ರಮದವರು ಹಳ್ಳಿಗಳಲ್ಲಿ ಮನೆ ಗೋಡೆಗಳಿಗೆಲ್ಲ ಹೊಡೀತಿದ್ದ ಔಷಧಿ. ಅದು ಕೀಟ ಕೊಲ್ಲುತ್ತೆ ಅಂತ 1939ರಲ್ಲಿ ಕಂಡುಹಿಡಿದ ಪಾಲ್ ಮುಲ್ಲರ್‌ಗೆ 1948ರಲ್ಲಿ ನೊಬೆಲ್ ಬಂತು. ಬ್ರೋಲಿ ಮೊದಲ ಬಳೆ ಹಾಕಿದ್ದೂ 1939ರಲ್ಲೇ ನೋಡಿ. ಯುದ್ಧದಲ್ಲಿ ಸೈನಿಕರನ್ನ ಟೈಫಸ್, ಮಲೇರಿಯಾದಿಂದ ಉಳಿಸಿದ್ದು ಇದೇ ಪುಡಿ. ಯುದ್ಧ ಮುಗಿದ ಕೂಡಲೇ ಹೊಲಕ್ಕೆ, ತೋಟಕ್ಕೆ, ಫ್ಲೋರಿಡಾದ ಸೊಳ್ಳೆ ತುಂಬಿದ ಜೌಗು ಕರಾವಳಿಗೆ ವಿಮಾನದಿಂದಲೂ ಸುರಿದರು. ಅದನ್ನ ಆಗ ದೂರೋದು ಅಂದ್ರೆ ಈಗ ಯಾರಾದ್ರೂ ವೈಫೈ ಬೇಡ ಅಂದ ಹಾಗೆ. 1958ರಲ್ಲಿ ಆಡುಬಾನ್ ಪತ್ರಿಕೆಯಲ್ಲಿ ಬ್ರೋಲಿ ಬರೆದರು: ಫ್ಲೋರಿಡಾದ ಬಹುಪಾಲು ಹದ್ದುಗಳು ಮೀನಿನ ಮೂಲಕ ಡಿಡಿಟಿ ತಿಂದು ಬಂಜೆಯಾಗಿವೆ ಅನ್ನೋದು ತಮ್ಮ ನಂಬಿಕೆ ಅಂತ.

ಪುರಾವೆ ಎಲ್ಲಿ ಅಂತ ಕೇಳಿದವರಿದ್ದರು, ಕೇಳಬೇಕಾದ ಪ್ರಶ್ನೆಯೇ ಅದು. ಬ್ರೋಲಿ ಬಳಿ ಲ್ಯಾಬ್ ಇರಲಿಲ್ಲ, ರಾಸಾಯನಿಕ ಪರೀಕ್ಷೆ ಇರಲಿಲ್ಲ. ಇದ್ದಿದ್ದು ಇಪ್ಪತ್ತು ಸೀಸನ್‌ಗಳ ಗೂಡಿನ ಲೆಕ್ಕ. ಅದಕ್ಕೆ ಸಾಕ್ಷಿ ಹೇಳೋ ಇನ್ನೊಂದು ಲೆಕ್ಕ ಮಾತ್ರ ಪೆನ್ಸಿಲ್ವೇನಿಯಾದ ಬೆಟ್ಟವೊಂದರ ಮೇಲೆ ತಯಾರಾಗ್ತಿತ್ತು. ಹಾಕ್ ಮೌಂಟನ್ ಅಂತ ಅದರ ಹೆಸರು. ವಲಸೆ ಹೋಗೋ ಬೇಟೆ ಹಕ್ಕಿಗಳನ್ನು ಅಲ್ಲಿ ಮೋಜಿಗಾಗಿ ಗುಂಡಿಟ್ಟು ಕೊಲ್ತಿದ್ರು. 1934ರಲ್ಲಿ ರೋಸಲಿ ಎಡ್ಜ್ ಅನ್ನೋ ಗಟ್ಟಿಗಿತ್ತಿ ಆ ಜಾಗವನ್ನೇ ಹಿಡಿದು ಪಕ್ಷಿಧಾಮ ಮಾಡಿದರು (ಅವರ ಮೇಲೆ ಬೇರೆಯೇ ಬರಹ ಬೇಕು). ಅಲ್ಲಿನ ಮೇಲ್ವಿಚಾರಕ ಮಾರಿಸ್ ಬ್ರೌನ್ ಪ್ರತಿ ವರ್ಷ ಹಾದುಹೋಗೋ ಹದ್ದುಗಳನ್ನು ಎಣಿಸ್ತಿದ್ರು. ಬಿಳಿ ತಲೆಯವು ಎಷ್ಟು, ಕಂದು ತಲೆಯವು ಎಷ್ಟು. ನೆನಪಿಡಿ ಅಂದಿದ್ವಲ್ಲ, ಕಂದು ಅಂದ್ರೆ ಮರಿ. 1935-39ರಲ್ಲಿ 100ಕ್ಕೆ 40 ಎಳೆಯ ಹದ್ದು. 1955-59ರಲ್ಲಿ 100ಕ್ಕೆ 20. 1957ರಲ್ಲಂತೂ 32 ದೊಡ್ಡ ಹದ್ದಿಗೆ ಒಂದೇ ಒಂದು ಎಳೆಯದು. ಫ್ಲೋರಿಡಾದಿಂದ ಉತ್ತರಕ್ಕೆ ಹೋದ ಮರಿಗಳು ವಾಪಸ್ ಬರೋ ದಾರಿಯಲ್ಲಿ ಈ ಬೆಟ್ಟವೂ ಇತ್ತು. ಹುಟ್ಟಿದ್ರೆ ತಾನೇ ಬರೋದು.

1959ರ ಮೇ ತಿಂಗಳಲ್ಲಿ ಒಂಟಾರಿಯೊದ ಡೆಲ್ಟಾದಲ್ಲಿ, ತಮ್ಮ ಬೇಸಿಗೆ ಮನೆಯ ಹತ್ತಿರ ಪೊದೆಗಳಿಗೆ ಹತ್ತಿದ ಬೆಂಕಿ ಆರಿಸೋಕೆ ಹೋಗಿ ಬ್ರೋಲಿ ತೀರಿಕೊಂಡರು. 79 ವರ್ಷ. ಇಷ್ಟು ವರ್ಷ ಅಷ್ಟೆತ್ತರದಿಂದ ಬೀಳದ ಮನುಷ್ಯ ನೆಲದ ಮೇಲೆ ಹೋದರು. ತಾವು ಹೇಳಿದ್ದು ಸರಿ ಅಂತ ಯಾರಾದ್ರೂ ಒಪ್ಪಿಕೊಳ್ಳೋದನ್ನ ಅವರು ಪೂರ್ತಿ ನೋಡಲಿಲ್ಲ. ಆ ವರ್ಷದಿಂದ ಆ ಗೂಡುಗಳ ಸಾಲು ಲೆಕ್ಕವೂ ತುಂಡಾಯ್ತು.

ಮೂರು ವರ್ಷದ ನಂತರ, 1962ರಲ್ಲಿ, ರೇಚೆಲ್ ಕಾರ್ಸನ್ ಬರೆದ ಸೈಲೆಂಟ್ ಸ್ಪ್ರಿಂಗ್ ಬಂತು. ಕೀಟನಾಶಕಗಳ ಬಗ್ಗೆ ಜಗತ್ತಿನ ಕಣ್ಣು ತೆರೆಸಿದ ಪುಸ್ತಕ. ಅದರಲ್ಲಿ ಬಾಲ್ಡ್ ಈಗಲ್ ಬಗ್ಗೆ ಬರೋ ಜಾಗದಲ್ಲಿ ವಿನ್ನಿಪೆಗ್‌ನ ನಿವೃತ್ತ ಬ್ಯಾಂಕ್ ಮ್ಯಾನೇಜರ್‌ನ ಲೆಕ್ಕ ಇದೆ. ಮೇಲೆ ನಾವು ಕೊಟ್ಟ 43, 7, 8, 23, 13 ಎಲ್ಲ ಅದರಲ್ಲಿ ಬರೋ ಅಂಕಿಗಳೇ.

ಹೇಗೆ ಆಯ್ತು ಅನ್ನೋದು ಗೊತ್ತಾಗೋಕೆ ಇನ್ನೂ ಐದು ವರ್ಷ ಬೇಕಾಯ್ತು. ಬ್ರಿಟನ್ನಿನ ಡೆರೆಕ್ ರ್‍ಯಾಟ್‌ಕ್ಲಿಫ್ ಪೆರಿಗ್ರಿನ್ ಅನ್ನೋ ಡೇಗೆಯ ಮೊಟ್ಟೆಗಳನ್ನು ಅಭ್ಯಾಸ ಮಾಡ್ತಿದ್ರು. ಹಳೇ ಕಾಲದಲ್ಲಿ ಸ್ಟ್ಯಾಂಪ್ ಕೂಡಿಡೋ ಹಾಗೆ ಹಕ್ಕಿ ಮೊಟ್ಟೆ ಕದ್ದು, ತೂತು ಮಾಡಿ, ಒಳಗಿನದ್ದು ತೆಗೆದು, ಚಿಪ್ಪು ಕೂಡಿಡೋ ಶೋಕಿ ಇತ್ತು. ಹಕ್ಕಿಪ್ರಿಯರಿಗೆ ಈ ಮೊಟ್ಟೆ ಕಳ್ಳರನ್ನ ಕಂಡ್ರೆ ಆಗ್ತಿರಲಿಲ್ಲ. ಆದ್ರೆ ಆ ಕಳ್ಳರ ಪೆಟ್ಟಿಗೆಗಳೇ ಈಗ ಡೇಟಾಬೇಸ್ ಆದವು. ಚಿಪ್ಪು ಒಡೆದು ದಪ್ಪ ಅಳೆಯೋ ಹಾಗಿಲ್ಲ. ರ್‍ಯಾಟ್‌ಕ್ಲಿಫ್ ಚಿಪ್ಪಿನ ತೂಕವನ್ನ ಉದ್ದ ಗುಣಿಸು ಅಗಲದಿಂದ ಭಾಗಿಸಿದರು. ಅಷ್ಟೇ! ನಾಲ್ಕನೇ ಕ್ಲಾಸಿನ ಗಣಿತ. 1967ರಲ್ಲಿ ಅವರು ಪ್ರಕಟಿಸಿದ ಗ್ರಾಫಿನಲ್ಲಿ ಹಲವು ದಶಕ ನೆಟ್ಟಗಿದ್ದ ಚಿಪ್ಪಿನ ಸೂಚ್ಯಂಕ 1947ರ ಆಸುಪಾಸಿನಲ್ಲಿ ದಢಕ್ಕನೆ ಇಳಿದಿತ್ತು. ಮರು ವರ್ಷ ಅಮೆರಿಕದಲ್ಲಿ ಜೋಸೆಫ್ ಹಿಕ್ಕಿ ಮತ್ತು ಡೇನಿಯಲ್ ಆಂಡರ್ಸನ್ ತಮ್ಮ ಕಡೆಯ ಬೇಟೆ ಹಕ್ಕಿಗಳ ಮೊಟ್ಟೆ ಅಳೆದರು. ಬಾಲ್ಡ್ ಈಗಲ್ ಕೂಡ ಅದರಲ್ಲಿತ್ತು. ಅಲ್ಲೂ 1947. ಬ್ರೋಲಿಯ ಪುಸ್ತಕದಲ್ಲಿ ಮರಿಗಳ ಲೆಕ್ಕ ಇಳಿಯೋಕೆ ಶುರುವಾದ ವರ್ಷ.

ಕೆಲಸ ಮಾಡೋ ಬಗೆ ಇದು: ಡಿಡಿಟಿ ನೀರಲ್ಲಿ ಕರಗಲ್ಲ, ಕೊಬ್ಬಿನಲ್ಲಿ ಕರಗುತ್ತೆ. ಹಾಗಾಗಿ ಮೈಯಿಂದ ಹೊರಗೆ ಹೋಗಲ್ಲ, ಕೂಡುತ್ತೆ. ಪಾಚಿಯಿಂದ ಸಣ್ಣ ಮೀನಿಗೆ, ಸಣ್ಣ ಮೀನಿಂದ ದೊಡ್ಡ ಮೀನಿಗೆ, ಪ್ರತಿ ಮೆಟ್ಟಿಲಿಗೂ ಸಾಂದ್ರತೆ ಏರುತ್ತೆ. ತುದಿಯಲ್ಲಿ ಹದ್ದು. ದೇಹದಲ್ಲಿ ಅದು ಡಿಡಿಇ ಆಗಿ ಬದಲಾಗಿ, ಚಿಪ್ಪು ತಯಾರಾಗೋ ಗ್ರಂಥಿಯಲ್ಲಿ ಕ್ಯಾಲ್ಸಿಯಂ ಸಾಗಿಸೋ ಪಂಪನ್ನ ಅಡ್ಡಗಟ್ಟುತ್ತೆ. ಚಿಪ್ಪು ತೆಳುವಾಗುತ್ತೆ. ಶೇಕಡ 15-20 ತೆಳುವಾದ್ರೆ ಸಾಕು, ಸಂತತಿ ಇಳಿಯೋಕೆ. ನಾಲ್ಕೈದು ಕಿಲೋ ತೂಕದ ತಾಯಿ ಕಾವಿಗೆ ಕೂತಾಗ, ಅವಳ ಭಾರಕ್ಕೇ ಮೊಟ್ಟೆ ಬಿರುಕು ಬಿಡುತ್ತೆ. ಬಿರುಕು ಬಿಡದ ಮೊಟ್ಟೆಯಲ್ಲೂ ಭ್ರೂಣ ಸಾಯೋದಿತ್ತು. ಅಂದ್ರೆ ಹದ್ದುಗಳು ಬಂಜೆ ಆಗಿರಲಿಲ್ಲ, ಆ ಮಟ್ಟಿಗೆ ಬ್ರೋಲಿ ಊಹೆ ತಪ್ಪು. ಅಪರಾಧಿ ಯಾರು ಅನ್ನೋದು ಮಾತ್ರ ಸರಿ. ವಿಷ ತಂದಿದ್ದು ಅಪ್ಪ ಹದ್ದು ದಿನಾ ಕಷ್ಟಪಟ್ಟು ಗೂಡಿಗೆ ತರ್ತಿದ್ದ ಮೀನು. ಒಡೆದದ್ದು ಅಮ್ಮನ ಹೊಟ್ಟೆಯ ಕೆಳಗೆ. ಉಗುರು, ಕೊಕ್ಕು, ರೆಕ್ಕೆ ಯಾವುದೂ ಇದಕ್ಕೆ ಅಡ್ಡ ನಿಲ್ಲೋಕೆ ಆಗಲ್ಲ.

ಆಮೇಲಿನದ್ದು ಗೊತ್ತಿರೋ ಕಥೆ. 1972ರಲ್ಲಿ ಅಮೆರಿಕ ಡಿಡಿಟಿ ನಿಷೇಧ ಮಾಡಿತು. 1963ರಲ್ಲಿ ಅಲಾಸ್ಕಾ, ಹವಾಯಿ ಬಿಟ್ಟು ಉಳಿದ 48 ರಾಜ್ಯಗಳಲ್ಲಿ ಗೂಡು ಕಟ್ಟೋ ಜೋಡಿಗಳು 500ಕ್ಕೂ ಕಡಿಮೆ ಇದ್ದವು. 2007ರಲ್ಲಿ ಬಾಲ್ಡ್ ಈಗಲ್ ಅಪಾಯದ ಪಟ್ಟಿಯಿಂದ ಹೊರಬಂತು. 2021ರಲ್ಲಿ ಬಂದ ಸರ್ಕಾರಿ ಅಂದಾಜಿನ ಪ್ರಕಾರ ಅದೇ 48 ರಾಜ್ಯಗಳಲ್ಲಿ 71,400 ಜೋಡಿ.

ಫ್ಲೋರಿಡಾದಲ್ಲಿ ಈಗ ಪೈನ್ ಮರ ಸಿಗದ ಕಡೆ ಹದ್ದುಗಳು ಮೊಬೈಲ್ ಟವರ್ ಮೇಲೂ ಗೂಡು ಕಟ್ತವೆ. ಇ.ಸಿ. ಬ್ರಾಂಚಿನವರು ಮುಂದೆ ಅಲ್ಲಿ ಟೆಲಿಕಾಂ ಕೆಲಸಕ್ಕೆ ಸೇರಿದ್ರೆ ತಿಳ್ಕೊಂಡಿರಿ, ಗೂಡಲ್ಲಿ ಮರಿ ಇರೋ ತಿಂಗಳುಗಳಲ್ಲಿ ರಿಪೇರಿಗೆ ಅಂತ ಸುಮ್ನೆ ಟವರ್ ಹತ್ತೋ ಹಾಗಿಲ್ಲ. ಆಡುಬಾನ್‌ನವರು ಈಗಲ್‌ವಾಚ್ ಅಂತ ಒಂದು ಕಾರ್ಯಕ್ರಮ ನಡೆಸ್ತಾರೆ. ಸ್ವಯಂಸೇವಕರು ಒಂದೊಂದು ಗೂಡು ಹಂಚಿಕೊಂಡು, ಸೀಸನ್ ಪೂರ್ತಿ ನೆಲದ ಮೇಲೆ ದೂರದಿಂದ ಬೈನಾಕ್ಯುಲರ್‌ನಲ್ಲಿ ನೋಡ್ತಾರೆ. ಹದ್ದು ಕೂತಿದೆಯಾ, ಮರಿ ಎಷ್ಟು, ಹಾರಿದವಾ ಅಂತ ನೋಡಿ ಬರೆದು ಕಳಿಸ್ತಾರೆ. ಮರಿ ಇಲ್ಲದಿದ್ರೆ ಇಲ್ಲ ಅಂತಲೂ.